ಕೊನೆಗೆ ಸೇವ್ ಮಾಡಿದವರು

"ಅಕ್ಕಾ, ಮೆಟ್ಟಿಲು ಯಾವ ಕಡೆಯಿಂದ ಹತ್ತಬೇಕು, ಅದೊಂದು ಹೇಳಿಬಿಡಿ. ಕಂಬಿ ಕಟ್ಟೋರು ಕೈ ಕಟ್ಕೊಂಡು ಕೂತಿದಾರೆ."

ಶಾಲೆಯ ಕಟ್ಟಡದಿಂದ ಮೇಸ್ತ್ರಿ ಹೀಗೆ ಫೋನು ಮಾಡಿದಾಗ, ನಕ್ಷೆ ಬರೆದುಕೊಟ್ಟಿದ್ದ ಅವಳಿಗೆ ರೇಗಿತು. "ಬಲಗಡೆಯಿಂದ. ಹೋದ ವಾರವೇ ಬದಲಾಯಿಸಿದ್ದೀನಲ್ಲ."

"ಇವತ್ತು ಬಂದಿರೋ ಪ್ರಿಂಟಲ್ಲಿ ಎಡಗಡೆ ಇದೆ. ನಾನೇನು ಕನಸು ಕಂಡ್ನಾ?"

ಅವಳು ನಕ್ಷೆ ತೆರೆದು ನೋಡಿದಳು. ಮೆಟ್ಟಿಲು ಎಡಗಡೆಯೇ ಇತ್ತು. ಹಾಗಿದ್ದರೆ ಬೆಂಕಿ ಬಿದ್ದಾಗ ಮಕ್ಕಳಿಗೆ ಗೇಟಿನ ಕಡೆಗೆ ಓಡಲಾಗುವುದಿಲ್ಲ ಎಂದು ಅಗ್ನಿಶಾಮಕದವರು ತಕರಾರು ತೆಗೆದಿದ್ದರು. ಅವಳೂ ಅಣ್ಣನೂ ಒಟ್ಟಿಗೆ ಕೂತು ಅದನ್ನು ಬಲಕ್ಕೆ ತಿರುಗಿಸಿದ್ದರು. ಆ ತಿದ್ದುಪಡಿಯ ಸುಳಿವೇ ಈಗ ಇರಲಿಲ್ಲ.

ಕಟ್ಟಡ ನಕ್ಷೆಯ ಆ ಕಚೇರಿಯನ್ನು ಶುರು ಮಾಡಿದ್ದು ಅಣ್ಣ, ಹಳೆ ಪೇಟೆಯ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಲಸ ಬೆಳೆದ ಮೇಲೆ ತಂಗಿ ಊರಿನ ಇನ್ನೊಂದು ತುದಿಯಲ್ಲಿ ಎರಡನೆಯದನ್ನು ತೆರೆದಳು. ಕೆಲಸದವರ ಬಾಯಲ್ಲಿ ಅಣ್ಣ 'ದೊಡ್ಡವರು', ತಂಗಿ 'ಚಿಕ್ಕವರು'. ಎರಡೂ ಕಡೆ ಒಂದೊಂದು ಸರ್ವರ್. ಇಲ್ಲಿ ಫೋಲ್ಡರಿಗೆ ಹಾಕಿದ್ದು ಕಣ್ಣು ಮಿಟುಕಿಸುವುದರೊಳಗೆ ಅಲ್ಲಿರುತ್ತಿತ್ತು, ಅಲ್ಲಿ ತಿದ್ದಿದ್ದು ಇಲ್ಲಿ. ಒಂದೇ ಮೇಜಿನ ಎದುರುಬದುರು ಕೂತವರಂತೆ ಅಣ್ಣ ತಂಗಿ ವರ್ಷಗಟ್ಟಲೆ ಕೆಲಸ ಮಾಡಿದ್ದರು.

ಸರ್ವರ್ ನೋಡಿಕೊಳ್ಳುವವನನ್ನು ಕರೆಸಿ ಅವಳು ತರಾಟೆಗೆ ತೆಗೆದುಕೊಂಡಳು. ಬಾಯಿಗೆ ಬಿಡುವು ಕೊಡದ ಮನುಷ್ಯ ಅವನು. ಆವತ್ತು ಮಾತ್ರ ಪರದೆಯಲ್ಲಿ ಹಿಂದಿನ ದಾಖಲೆಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಆಮೇಲೆ ಬಾಯಿ ತೆರೆದ.

"ಮೇಡಂ, ಮೆಷಿನ್ನಿಂದು ತಪ್ಪಿಲ್ಲ. ಎರಡು ಕಡೆಯಲ್ಲಿ ಯಾರು ಕೊನೆಗೆ ಸೇವ್ ಮಾಡ್ತಾರೋ ಅವರದೇ ನಿಲ್ಲೋದು. ನಿನ್ನೆ ಮಧ್ಯಾಹ್ನ ಆ ಕಡೆಯಿಂದ ಸೇವ್ ಆಗಿದೆ. ದೊಡ್ಡವರ ಹೆಸರಲ್ಲಿ."

ಅದೊಂದೇ ಅಲ್ಲ. ಬ್ಯಾಂಕಿನ ಹಿಂಬದಿಯ ಗೋಡೆ, ನರ್ಸುಗಳ ಹಾಸ್ಟೆಲ್ಲಿನ ಕಿಟಕಿಗಳು, ಎಲ್ಲ ಕಡೆಯೂ ಹಳೆಯದು ಬಂದು ಹೊಸದರ ಮೇಲೆ ಕೂತಿತ್ತು. ಅಣ್ಣ ತನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಗಳನ್ನು ತೆರೆದು, ಮುಗಿದು ಹೋದ ಕೆಲಸವನ್ನೇ ಶ್ರದ್ಧೆಯಿಂದ ಮತ್ತೆ ಮಾಡುತ್ತಿದ್ದ.

"ನಿಮ್ಮದನ್ನ ವಾಪಸ್ ತೆಗೆದುಕೊಡ್ತೀನಿ. ಆದ್ರೆ ನಾಳೆ ಮತ್ತೆ ಇದೇ ಕಥೆ," ಎಂದ ಅವನು.

ಅವಳು ಆಟೋ ಹಿಡಿದು ಹಳೆ ಪೇಟೆಗೆ ಹೋದಳು. ಅಣ್ಣ ಕನ್ನಡಕವನ್ನು ಹಣೆಗೇರಿಸಿಕೊಂಡು ಖುಷಿಯಾಗಿದ್ದ. "ಬಾ ಬಾ, ಮೆಟ್ಟಿಲು ನೋಡು. ಎಡಗಡೆಯಿಂದ ಹತ್ತಿಸಿದ್ರೆ ಎಷ್ಟು ಜಾಗ ಮಿಗುತ್ತೆ!"

"ಅದನ್ನ ನಾವೇ ಬಲಕ್ಕೆ ತಿರುಗಿಸಿದ್ವಲ್ಲ ಅಣ್ಣ. ಅಗ್ನಿಶಾಮಕದವರು ಹೇಳಿದ್ರಲ್ಲ."

ಅವನು ಅವಳ ಮುಖವನ್ನೇ ನೋಡಿದ. ಅವಳು ಚೇಷ್ಟೆ ಮಾಡುತ್ತಿದ್ದಾಳೋ ಎಂದು ಹುಡುಕುವಂತಿತ್ತು ಆ ನೋಟ. ಆಮೇಲೆ ನಕ್ಕ. "ಹೌದಲ್ಲ. ತಲೆಗೆ ವಯಸ್ಸಾಯ್ತು ನೋಡು." ಅವಳೆದುರೇ ತಿದ್ದಿ ಸೇವ್ ಮಾಡಿದ. ಅವನ ಕೈ ಎಂದಿನಂತೆ ಚುರುಕಾಗಿತ್ತು.

ಹೊರಗಿನ ಕೋಣೆಯಲ್ಲಿ ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುವ ಅತ್ತಿಗೆ ತಲೆಯೆತ್ತದೆ ಕೇಳಿದಳು. "ನಿಂಗೂ ಗೊತ್ತಾಯ್ತಾ?"

"ಡಾಕ್ಟರ ಹತ್ರ ಹೋಗಿದ್ರಾ ಅತ್ತಿಗೆ?"

"ಹೋಗಿದ್ದಾಯ್ತು. ಇನ್ನು ಹೆಚ್ಚಾಗುತ್ತೆ ಹೊರತು ಕಮ್ಮಿ ಆಗಲ್ವಂತೆ." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಮನೇಲಿ ಸ್ನಾನ ಮಾಡಿದ್ದೇ ಮರೆತು ಮತ್ತೆ ಬಚ್ಚಲಿಗೆ ಹೋಗ್ತಾರೆ. ಆ ಕುರ್ಚೀಲಿ ಕೂತಾಗ ಮಾತ್ರ ಹಳೆ ಮನುಷ್ಯ. ಅದೊಂದು ತಪ್ಪಿಸಬೇಡ ಕಣೆ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಮತ್ತೆ ಎಡಕ್ಕೆ ಬಂದಿತ್ತು.

ಸರ್ವರಿನವನು ತನಗೆ ತೋಚಿದ್ದನ್ನು ಹೇಳಿದ. ದೊಡ್ಡವರ ಪಾಸ್‌ವರ್ಡಿಗೆ ತಡೆ ಹಾಕಬಹುದು. ಆಗ ಸೇವ್ ಮಾಡಲು ಹೋದರೆ 'ನಿಮಗೆ ಅನುಮತಿ ಇಲ್ಲ' ಎಂದು ಬರುತ್ತದೆ. ತಾನೇ ಕಟ್ಟಿದ ಕಚೇರಿಯಲ್ಲಿ ಅಣ್ಣ ಆ ಸಾಲನ್ನು ಓದುವುದನ್ನು ನೆನೆಸಿಕೊಂಡು ಅವಳು ಬೇಡವೆಂದು ತಲೆಯಾಡಿಸಿದಳು.

"ಹಾಗಾದ್ರೆ ಎರಡು ಸರ್ವರ್ ನಡುವಿನ ಕೊಂಡಿ ಕಳಚಿಬಿಡೋಣ. ಅವರು ಮಾಡಿದ್ದು ಅಲ್ಲೇ ಉಳಿಯುತ್ತೆ, ಈ ಕಡೆ ಬರಲ್ಲ. ಕೆಲಸ ನಡೀತಿದೆ ಅಂತಲೇ ಅವರಿಗೆ ಕಾಣುತ್ತೆ."

"ಅವರಿಗೆ ಗೊತ್ತಾಗಲ್ವಾ?"

"ನೀವು ಹೇಳದಿದ್ರೆ ಇಲ್ಲ."

ಬೇರೆ ದಾರಿ ಇದೆಯೇ ಎಂದು ಅವಳು ತಿರುಗಿಸಿ ಮುರುಗಿಸಿ ಕೇಳಿದಳು. ಇರಲಿಲ್ಲ. ಶಾಲೆಯಲ್ಲಿ ಕಾಂಕ್ರೀಟು ಹಾಕುವವರು ಕಾಯುತ್ತಿದ್ದರು. "ಮಾಡಿ," ಎಂದಳು. ತಾನೇ ಒಂದು ಬಾಗಿಲು ಹಾಕಿ ಬಂದಂತೆ ಅವಳಿಗೆ ಆ ದಿನವೆಲ್ಲ ಅನ್ನಿಸುತ್ತಿತ್ತು.

ಎರಡು ದಿನ ಕಳೆದ ಮೇಲೆ ಅಣ್ಣ ಫೋನು ಮಾಡಿದ.

"ಶಾಲೆ ಮೆಟ್ಟಿಲು ಹಾಕಿದೀನಿ, ಬಂತಾ?"

"ಬಂತಣ್ಣ," ಎಂದಳು. ಅವಳ ಮುಂದಿನ ಪರದೆಯಲ್ಲಿ ಅವನದೇನೂ ಇರಲಿಲ್ಲ.

"ರೇಲಿಂಗು ಗಮನಿಸಿದ್ಯಾ? ದೊಡ್ಡೋರ ಅಳತೆಗೆ ಒಂದೇ ಹಾಕಿದ್ವಿ. ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು ಏನು ಹಿಡ್ಕೋಬೇಕು? ಕೆಳಗೆ ಇನ್ನೊಂದು ಕೊಟ್ಟಿದೀನಿ. ಹೇಗಿದೆ?"

ಅದು ಅವಳಿಗೆ ಹೊಳೆದಿರಲಿಲ್ಲ, ಮೇಸ್ತ್ರಿಗೂ ಹೊಳೆದಿರಲಿಲ್ಲ.

"ಚೆನ್ನಾಗಿದೆ ಅಣ್ಣ." ಅವಳು ಹಳೆಯ ಪ್ರಿಂಟೊಂದನ್ನು ಮಗುಚಿ ಪೆನ್ಸಿಲ್ ಹುಡುಕಿಕೊಂಡಳು. "ಎಷ್ಟು ಎತ್ತರಕ್ಕೆ ಕೊಟ್ಟಿದೀಯ?"

"ನಕ್ಷೆಯಲ್ಲೇ ಇದೆಯಲ್ಲೇ."

"ನನ್ನ ಕಡೆ ಅಕ್ಷರ ಸಣ್ಣದಾಗಿ ಕಾಣ್ತಿದೆ. ನೀನೇ ಹೇಳು."

ಅವನು ಹೇಳುತ್ತ ಹೋದ, ಅವಳು ಗೆರೆ ಎಳೆಯುತ್ತ ಹೋದಳು. ರೇಲಿಂಗಿನ ತುದಿ ಎಲ್ಲಿ ಗುಂಡಗೆ ಬಾಗಬೇಕು ಎನ್ನುವಲ್ಲಿಗೆ ಬಂದಾಗ ಅವನ ಮಾತು ನಿಂತಿತು.

"ಅಣ್ಣಾ?"

"ಹ್ಞೂಂ. ಶಾಲೆ ಮೆಟ್ಟಿಲು ಹಾಕಿದೀನಿ, ಬಂತಾ?"

ಅವಳು ಕಿಟಕಿಯ ಕಡೆ ನೋಡಿದಳು. "ಇಲ್ಲಣ್ಣ, ಇನ್ನೂ ಬಂದಿಲ್ಲ."

"ಹೌದಾ? ಇರು, ಫೋನ್ ಇಡಬೇಡ. ಇನ್ನೊಂದ್ಸಲ ಸೇವ್ ಮಾಡ್ತೀನಿ."

ಆ ಕಡೆ ಕುರ್ಚಿ ಕಿರ್ರೆಂದಿತು. ಅವನು ಒಮ್ಮೆ ಒತ್ತಿದ್ದು ಅವಳಿಗೆ ಕೇಳಿಸಿತು. ಸ್ವಲ್ಪ ತಡೆದು, ಖಾತ್ರಿಗೆಂಬಂತೆ, ಇನ್ನೊಮ್ಮೆ. ಪೆನ್ಸಿಲ್ ಹಿಡಿದ ಕೈಯನ್ನು ಕಾಗದದ ಮೇಲೆಯೇ ಇಟ್ಟುಕೊಂಡು ಅವಳು ಕಾಯುತ್ತ ಕುಳಿತಳು.