ಮೂರು ಸೀರೆ, ಎರಡು ಜಂಪರು

ಸಿಂಧನೂರಿನ ಕಚೇರಿಗೆ ಹಾಜರಾದ ಮೊದಲ ದಿನ ನಾನಿನ್ನೂ ಮೆಟ್ಟಿಲು ಹತ್ತಿ ನಿಂತಿದ್ದೆ. ಅಷ್ಟರಲ್ಲಿ ಒಬ್ಬ ಗುಮಾಸ್ತ ತಾನು ಕುಡಿದ ಚಹಾದ ಕಪ್ಪನ್ನು ನನ್ನ ಕೈಗಿಟ್ಟು, ತೊಳೆದು ತಾ ಎಂದ. ಕಪ್ಪನ್ನು ಅವನ ಮೇಜಿನ ಮೇಲೆ ಕುಕ್ಕಿ, ಅದರ ಪಕ್ಕದಲ್ಲಿ ನನ್ನ ನೇಮಕಾತಿ ಆದೇಶವನ್ನು ಬಿಚ್ಚಿಟ್ಟೆ. ಓದಿದ, ಕಣ್ಣು ಕಣ್ಣು ಬಿಟ್ಟ, ನಿಮ್ಮನ್ನು ನೋಡಿದರೆ ಹಾಗನ್ನಿಸಲಿಲ್ಲ ಎಂದ. ಇದು ೧೯೮೭ರ ಮಾತು. ಕಚೇರಿಯ ಹೆಸರು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಈಗಲೂ ಬಜಾರಿನಲ್ಲಿ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಾರೆ. ಅದನ್ನು ಯಾಕೆ ಕೆಡಿಸಬೇಕು.

ನಾನು ಗ್ಯಾನಮ್ಮ, ಪಾಮನಕಲ್ಲೂರಿನವಳು. ನಮ್ಮ ಕೇರಿಯಿಂದ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು. ನನ್ನನ್ನು ತೆಗೆದುಕೊಂಡದ್ದು ಕೌಂಟರಿನ ಕೆಲಸಕ್ಕೆ. ಕಾಲುವೆ ಭಾಗದ ರೈತರು ತರುವ ಅರ್ಜಿ ಇಸಿದುಕೊಳ್ಳುವುದು, ಓದಿ ನೋಡುವುದು, ತಪ್ಪಿದ್ದರೆ ತಿದ್ದಿಸುವುದು, ಕಚೇರಿ ಮೊಹರಿನ ಸಿಕ್ಕಾ ಹೊಡೆದು ಒಳಗೆ ಕಳಿಸುವುದು. ಓದಲು ಬಾರದ ನಮ್ಮಪ್ಪ ಇಂಥದೇ ಕೌಂಟರುಗಳ ಕಿಂಡಿಯ ಮುಂದೆ ದಿನಗಟ್ಟಲೆ ನಿಂತು ಬಂದವನು. ಹಾಗಾಗಿ ನನಗೆ ಬೇಕಾದದ್ದು ಬರೀ ಸಂಬಳವಲ್ಲ, ಆ ಕಿಂಡಿಯ ಒಳಗಡೆ ಇರುವ ಕುರ್ಚಿ.

ಹೆಡ್ ಕ್ಲಾರ್ಕ್ ವೆಂಕೋಬರಾಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹವಾಯಿ ಚಪ್ಪಲಿ, ಹೊಲಕ್ಕೆ ಹೊರಟವಳಂತೆ ಮೇಲಕ್ಕೆ ಸಿಕ್ಕಿಸಿದ ಸೀರೆ, ಅಕ್ಕನ ಅಳತೆಯ ಜಂಪರು, ತಲೆ ತುಂಬ ಸೆರಗು. ಅವರು ಕೆಟ್ಟ ಮನುಷ್ಯರಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಲ್ಲೇ ಜಗಳಾಡಿ ಮುಗಿಸುತ್ತಿದ್ದೆ. ನಯವಾಗಿ ಹೇಳುವವರ ಜೊತೆ ಜಗಳ ಆಡುವುದು ಕಷ್ಟ.

"ಕೌಂಟರ್‌ನ್ಯಾಗ ಕುಂದ್ರೋರು ಒಂದೀಟು ಟಿಪ್‌ಟಾಪ್ ಇರಬೇಕಾಗ್ತದವ್ವಾ. ಕಚೇರಿ ಮುಖ ಅದು. ಸದ್ಯಕ್ಕ ನೀ ಹಿಂದ ರೆಕಾರ್ಡ್ ರೂಮಿನ್ಯಾಗ ಇರು."

ಸದ್ಯಕ್ಕೆ ಎಂಬ ಮಾತಿನ ಆಯುಷ್ಯ ಎಷ್ಟು ಎಂದು ನನಗೆ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಲಿಂಗಸುಗೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಯಾರಿಗೆ ಯಾವ ಕೆಲಸ ಎಂಬ ಆದೇಶಕ್ಕೆ ಅವತ್ತು ಸಹಿ ಬೀಳುತ್ತಿತ್ತು. ಒಮ್ಮೆ ಬಿದ್ದರೆ ಯಾರೂ ಮುಟ್ಟುವಂತಿಲ್ಲ. ಅಷ್ಟರೊಳಗೆ ಕೌಂಟರಿಗೆ ಬರದಿದ್ದರೆ ನಾನು ವರ್ಷಗಟ್ಟಲೆ ಆ ಧೂಳಿನಲ್ಲೇ ಸೀನುತ್ತ ಕೂರಬೇಕಿತ್ತು. ಕೌಂಟರಿನಲ್ಲಿ ಆಗ ಕೂರುತ್ತಿದ್ದವನು ಅದೇ ಚಹಾದ ಗುಮಾಸ್ತ. ಮನಸ್ಸು ಬಂದಾಗ ಕಿಂಡಿ ತೆಗೆಯುತ್ತಿದ್ದ, ಮನಸ್ಸು ಕೆಟ್ಟಾಗ ಮುಚ್ಚುತ್ತಿದ್ದ.

ಮೊದಲ ಪಗಾರ ಬಂದ ದಿನವೇ ನಾನು ಬಜಾರಿಗೆ ಹೋಗಿ ನೇರಳೆ ಬಣ್ಣದ ಪಾಲಿಸ್ಟರ್ ಸೀರೆ ತಂದೆ. ಮೈತುಂಬ ಜರಿ ಹೂವು. ಟಿಪ್‌ಟಾಪ್ ಎಂದರೆ ಮಿಂಚುವುದು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಕೋಣೆಯಲ್ಲಿ ನನ್ನ ಜೊತೆ ಬಾಡಿಗೆಗಿದ್ದವಳು ಶಂಶಾದ್‌ಬೀ, ಸರ್ಕಾರಿ ದವಾಖಾನೆಯ ನರ್ಸು. ಅವಳು ಸೀರೆಯನ್ನು ನೋಡಿ, ನೌಕರಿಗೆ ಹೊರಟಿದ್ದೀಯೋ ಯಾರದಾದರೂ ನಿಕಾಹಕ್ಕೆ ಹೊರಟಿದ್ದೀಯೋ ಎಂದು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ವಾರವಿಡೀ ಬಿಳಿ ಸೀರೆ ಸುತ್ತಿಕೊಂಡು ಓಡಾಡುವವಳಿಗೆ ಬಣ್ಣದ ಗಂಧ ಏನು ಗೊತ್ತು ಎಂದುಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬಿಳಿ ಉಟ್ಟು ಉಟ್ಟು ಬೇಸತ್ತವಳು ಬೇರೆಯವರ ಸೀರೆಯನ್ನೇ ನೋಡುತ್ತ ಬದುಕುತ್ತಾಳೆ, ಹಾಗಾಗಿ ತನಗೇ ಹೆಚ್ಚು ಗೊತ್ತು ಎಂದಳು. ಆಮೇಲೆ ನನ್ನ ಟ್ರಂಕನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

"ನೋಡ್ವಾ ಗ್ಯಾನಮ್ಮ, ಮಂದಿ ಮೊದಲ ಸೀರಿ ನೋಡೂದಿಲ್ಲ, ಜಂಪರ್ ನೋಡ್ತಾರ. ಭುಜ ಸಡ್ಲ ಇತ್ತಂದ್ರ ಎಂಥಾ ಸೀರಿ ಉಟ್ರೂ ಬೇಕಾರ."

ಹಾಗಾಗಿ ಸೀರೆಗಿಂತ ಮೊದಲು ಜಂಪರು ಬಂದವು. ಒಂದು ಕರಿಯದು, ಒಂದು ಕೆನೆ ಬಣ್ಣದ್ದು, ಎರಡೂ ಮೊಣಕೈವರೆಗಿನ ತೋಳಿನವು, ನನ್ನದೇ ಅಳತೆಯವು. ಇಪ್ಪತ್ತೊಂದು ವರ್ಷಕ್ಕೆ ಮೊದಲ ಬಾರಿ ನನ್ನ ಅಳತೆಗೆ ಹೊಲಿದ ಬಟ್ಟೆ ತೊಟ್ಟು ಕನ್ನಡಿ ನೋಡಿಕೊಂಡೆ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಖುಷಿಯಾಯಿತು ಎಂದು ಬೇರೆ ಹೇಳಬೇಕಿಲ್ಲ. ಆ ಎರಡು ಜಂಪರಿಗೆ ಹೊಂದದ ಸೀರೆ ಇಲ್ಲ. ಮೂರು ಸೀರೆ ಇದ್ದರೆ ಅದಲುಬದಲು ಮಾಡಿ ವಾರ ದೂಡಬಹುದು, ನೋಡಿದವರು ಬೀರು ತುಂಬ ಸೀರೆ ಇವೆ ಅಂದುಕೊಳ್ಳುತ್ತಾರೆ.

ಸೀರೆಗಳಲ್ಲಿ ಒಂದು ಮಸ್ಕಿ ಸಂತೆಯಲ್ಲಿ ಕೊಂಡದ್ದು, ಕಡುನೀಲಿ, ಸಣ್ಣ ಚುಕ್ಕಿಯದು. ಎರಡನೆಯದೂ ಅಲ್ಲಿಯದೇ, ಬೂದು ಬಣ್ಣದ ಹತ್ತಿ ಸೀರೆ. ಮೂರನೆಯದು ಹಸಿರು ಚೌಕಳಿಯ ಇಳಕಲ್ ಸೀರೆ, ಅಕ್ಕನ ಮದುವೆಯಲ್ಲಿ ಅವ್ವನಿಗೆ ಆಯೇರಿ, ಅಂದರೆ ಉಡುಗೊರೆ, ಬಂದದ್ದು. ನಮ್ಮ ಕಡೆ ಆಯೇರಿ ಸೀರೆಯನ್ನು ಯಾರೂ ಉಡುವುದಿಲ್ಲ. ಮಡಿಕೆ ಮುರಿಯದೆ ಇಟ್ಟು ಮತ್ತೊಬ್ಬರ ಮದುವೆಗೆ ದಾಟಿಸುತ್ತಾರೆ, ಅವರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಊರೂರು ತಿರುಗಿ ಹಳೆಯದಾದರೂ ಅದರ ಮಡಿಕೆ ಬಿಚ್ಚಿರುವುದಿಲ್ಲ. ನಾನು ಅದನ್ನು ಎತ್ತಿಕೊಂಡಾಗ ಅವ್ವ, ಇದನ್ನು ಜವಳಗೇರಾದ ಬೀಗರ ಮದುವೆಗೆಂದು ಎತ್ತಿಟ್ಟಿದ್ದೇನೆ ಎಂದು ತಡೆದಳು. ಬೀಗರಿಗೆ ನೇರಳೆ ಸೀರೆ ಕೊಟ್ಟು ಮರ್ಯಾದೆ ಉಳಿಸಿಕೊಂಡೆವು. ಅದರ ಜರಿ ಹೂವು ನೋಡಿ ಅವರು ಬಹಳ ಖುಷಿಪಟ್ಟರಂತೆ.

ಇನ್ನು ಗಂಜಿಯ ಕಥೆ. ಹತ್ತಿ ಸೀರೆಗೆ ಗಂಜಿ ಹಾಕದೆ ಉಟ್ಟರೆ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತದೆ, ಊರಿಗೆ ಹೋದಾಗ ಗಂಜಿ ಹಾಕಿಕೊಂಡು ಬಾ ಎಂದು ಶಂಶಾದ್‌ಬೀ ಹೇಳಿ ಕಳಿಸಿದ್ದಳು. ಯಾವ ಗಂಜಿ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳು ಕಾಲುವೆ ಸೀಮೆಯವಳು, ಅಲ್ಲಿ ಗಂಜಿ ಎಂದರೆ ಅನ್ನ ಬಸಿದ ನೀರು. ನಮ್ಮದು ಮಳೆ ನೆಚ್ಚಿದ ಸೀಮೆ, ಅನ್ನ ಹಬ್ಬಕ್ಕೆ ಮಾತ್ರ. ನಮ್ಮ ಮನೆಯಲ್ಲಿ ಗಂಜಿ ಎಂದರೆ ಜೋಳದ್ದು. ಅವ್ವ ಯಮನಮ್ಮ, ಮಗಳ ಕಚೇರಿ ಸೀರೆ ಅಂದಮೇಲೆ ಕೈ ಬಿಗಿ ಹಿಡಿಯಬಾರದು ಎಂದು ಜೋಳದ ಹಿಟ್ಟು ಹಾಕಿ ದಪ್ಪಗೆ ಕುದಿಸಿದಳು. ಬೂದು ಸೀರೆಯನ್ನು ಅದರಲ್ಲಿ ಅದ್ದಿ ಬೇಲಿಯ ಮೇಲೆ ಹರವಿದೆವು. ಒಣಗಿದ ಮೇಲೆ ಅದು ತಾನೇ ನಿಲ್ಲುವಷ್ಟು ಬಿರುಸಾಗಿತ್ತು. ಅವ್ವ ಅದನ್ನು ಬೆರಳಿನಿಂದ ಬಡಿದು, ಈಗ ನೋಡು ಆಫೀಸರ್ ಸೀರೆ ಎಂದಳು.

ಅದನ್ನೇ ಉಟ್ಟು ಸೋಮವಾರ ಬೆಳಿಗ್ಗೆ ಮಸ್ಕಿಯಲ್ಲಿ ಸಿಂಧನೂರು ಬಸ್ಸಿಗೆ ನಿಂತೆ. ಹೆಜ್ಜೆ ಇಟ್ಟಲ್ಲೆಲ್ಲ ಹಿಟ್ಟು ಉದುರುತ್ತಿತ್ತು, ಅದು ನನಗೆ ಗೊತ್ತಾಗಿರಲಿಲ್ಲ. ಹಿಂದಿನಿಂದ ಯಾರೋ ಸೆರಗು ಜಗ್ಗಿದಂತಾಯಿತು. ಯಾವನೋ ಪುಂಡ ಎಂದು ಕೈಯೆತ್ತಿ ತಿರುಗಿದರೆ ಮೇಕೆ. ಒಂದು ಗೇಣು ಸೆರಗು ಅದರ ಬಾಯಲ್ಲಿತ್ತು, ಅದರ ಬೆನ್ನಿಗೆ ಇನ್ನೆರಡು ಮೇಕೆಗಳು ತಮ್ಮ ಪಾಳಿಗೆ ಕಾಯುತ್ತಿದ್ದವು. ಇಡೀ ಬಸ್‌ಸ್ಟ್ಯಾಂಡು ನಕ್ಕಿತು. ನಾನು ಮೇಕೆಗೂ ಬೈದೆ, ಮೇಕೆಯ ಯಜಮಾನನಿಗೂ ಬೈದೆ, ನಕ್ಕವರಿಗೂ ಬೈದೆ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಕಣ್ಣಲ್ಲಿ ನೀರು ಬಂತು.

ಶಂಶಾದ್‌ಬೀ ಸೆರಗನ್ನು ನೋಡಿ, ಮೂಸಿ ನೋಡಿ, ನೆಲಕ್ಕೆ ಕೂತು ನಕ್ಕಳು. ನಗು ಮುಗಿಸಿ ಕೆಲಸಕ್ಕೆ ಇಳಿದಳು. ಸೀರೆಯ ತುದಿ ಮೊದಲು ಮಾಡಿ ಉಡಲು ಹೇಳಿದಳು. ಮೇಕೆ ತಿಂದ ತುದಿ ಸೊಂಟದ ಒಳಸುತ್ತಿಗೆ ಹೋಯಿತು, ಒಳಗಿದ್ದ ತುದಿ ಸೆರಗಾಯಿತು. ಹುಡುಕಿದರೂ ಯಾರಿಗೂ ಕಾಣುವಂತಿರಲಿಲ್ಲ. ಅಂದಿನಿಂದ ಅಕ್ಕಿ ಗಂಜಿ, ಅದೂ ತೆಳ್ಳಗೆ ಸೋಸಿದ್ದು. ಇಸ್ತ್ರಿಗೆ ತಂಬಿಗೆಯಲ್ಲಿ ಕೆಂಡ ಹಾಕಿಕೊಂಡು ತಿಕ್ಕುತ್ತಿದ್ದೆವು. ನಿರಿಗೆ ಹಿಡಿಯುವುದು, ಸೆರಗನ್ನು ಮಡಿಸಿ ಭುಜಕ್ಕೆ ಪಿನ್ನು ಹಾಕುವುದು, ಹಿಮ್ಮಡಿ ಮುಚ್ಚುವಷ್ಟು ಇಳಿಬಿಡುವುದು, ಎಲ್ಲವನ್ನೂ ಅವಳು ಕಲಿಸಿದಳು. ಎಷ್ಟು ಸಲ ಬಿಚ್ಚಿಸಿ ಉಡಿಸಿದಳೋ, ಒಮ್ಮೆ ಸಾಕಾಗಿ ಸೀರೆಯನ್ನು ಅವಳ ಮುಖದ ಮೇಲೆ ಎಸೆದಿದ್ದೆ.

ಈಗಲೂ ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯರು ಏನು ಉಡಬೇಕು ಎಂದು ಕೇಳಿಕೊಂಡು ಬಂದರೆ ನಾನು ಹೇಳುವುದು ಇಷ್ಟೇ. ಮೈಗೆ ಸರಿಯಾಗಿ ಕೂರಲಿ, ಒಗೆದದ್ದಿರಲಿ, ಇಡೀ ದಿನ ಅದರ ನೆನಪೇ ಬರದಂತಿರಲಿ. ಸೆರಗು ಸರಿಮಾಡಿಕೊಳ್ಳುತ್ತ ಕೂತವಳಿಗೆ ಎದುರಿಗಿದ್ದವನ ಸುಳ್ಳು ಕಾಣುವುದಿಲ್ಲ. ಉಳಿದದ್ದೆಲ್ಲ ಅಂಗಡಿಯವರ ಮಾತು.

ದೀಪಾವಳಿಯ ಹೊತ್ತಿಗೆ ಕಚೇರಿ ನನ್ನನ್ನು ಬೇರೆ ಥರ ನೋಡತೊಡಗಿತ್ತು. ರೆಕಾರ್ಡ್ ರೂಮಿಗೆ ದಾರಿ ತಪ್ಪಿ ಬಂದ ರೈತರು ಕೈ ಮುಗಿದು, ಮೇಡಂ ಸ್ವಲ್ಪ ನೋಡ್ರಿ ಎಂದು ಕಾಗದ ಚಾಚುತ್ತಿದ್ದರು. ನಾನು ನೋಡಿ, ತಪ್ಪು ತೋರಿಸಿ ಕಳಿಸುತ್ತಿದ್ದೆ. ಕಿಂಡಿಯ ಮುಂದಿನ ಸಾಲಿಗಿಂತ ನನ್ನ ಬಾಗಿಲಿನ ಸಾಲು ಉದ್ದವಾಗುತ್ತ ಬಂತು. ವೆಂಕೋಬರಾಯರು ಒಮ್ಮೆ ನಿಂತು ನೋಡಿ, ಈಗ ಚಲೋ ಕಾಣುತ್ತೀಯವ್ವಾ ಎಂದರು. ಕುರ್ಚಿ ನನ್ನದಾಯಿತು ಎಂದೇ ತಿಳಿದೆ. ಸಾಹೇಬರು ಬರುವ ಹಿಂದಿನ ಸಂಜೆ ಅವರು ನನ್ನನ್ನು ಕರೆದು, ನಾಳೆ ಇನ್ನೂ ಚಂದಾಗಿ ಬಾ, ನಿನಗೆ ಮುಂದುಗಡೆಯ ಕೆಲಸ ಇದೆ ಎಂದಾಗಲಂತೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕರಿ ಜಂಪರು ತೊಟ್ಟು ಹೋದೆ. ವೆಂಕೋಬರಾಯರ ಮುಖ ಅರಳಿತು. ಮೇಜಿನ ಕೆಳಗಿಂದ ಹಿತ್ತಾಳೆ ತಾಟು ತೆಗೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಕುಂಕುಮ, ದೀಪ, ಒಂದು ಹೂಮಾಲೆ. ಬಾಗಿಲಲ್ಲಿ ನಿಂತು ಸಾಹೇಬರಿಗೆ ಆರತಿ ಎತ್ತಬೇಕು, ಆಮೇಲೆ ಒಳಗೆ ಚಹಾ ಕೊಡಬೇಕು. ಕೌಂಟರು ಎಂದೆ. ಅದಕ್ಕೆ ಅವರು, ಕೌಂಟರಿಗೆ ಆ ಗುಮಾಸ್ತನ ಹೆಸರು ಆಗಲೇ ಬರೆದಾಗಿದೆ, ಸಾಹೇಬರ ಸಹಿ ಒಂದೇ ಬಾಕಿ, ಅದು ಗಂಡಸರ ಗದ್ದಲ, ನಿನ್ನಂಥವಳು ಬಾಗಿಲಲ್ಲಿ ನಿಂತರೆ ಕಚೇರಿಗೇ ಶೋಭೆ ಎಂದರು. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಸೀರೆ ಸರಿಯಿಲ್ಲ ಎಂದು ಹಿಂದೆ ಕೂರಿಸಿದವರು, ಸೀರೆ ಸರಿಯಾದ ಮೇಲೆ ಬಾಗಿಲಿಗೆ ನಿಲ್ಲಿಸುತ್ತಿದ್ದರು. ಕುರ್ಚಿಯ ಮಾತು ಎರಡರಲ್ಲೂ ಇರಲಿಲ್ಲ.

"ಸರ್, ನಾ ಈ ಸೀರಿ ಉಟ್ಟಿದ್ದು ತಾಟು ಹಿಡಿಯಾಕಲ್ಲ" ಎಂದೆ. "ಕುರ್ಚಿಮ್ಯಾಲ ಕುಂದ್ರಾಕ."

ತಾಟನ್ನು ಅವರ ಕೈಗೇ ಕೊಟ್ಟೆ. ಚಹಾದ ಗುಮಾಸ್ತ ಸಾಹೇಬರ ಊಟದ ಏರ್ಪಾಟಿಗೆ ಹೋಗಿದ್ದ, ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ. ಕಿಂಡಿಯ ಚಿಲಕ ಬಿಗಿಯಾಗಿತ್ತು, ಜಗ್ಗಿ ತೆಗೆದೆ. ಹೊರಗೆ ಕಾಯುತ್ತಿದ್ದ ರೈತರು ಒಮ್ಮೆಲೇ ಮುಂದೆ ಬಂದರು. ಸಾಲಿನ ಮೊದಲಿಗೆ ಇದ್ದವನು ಜವಳಗೇರಾದ ಗದ್ದೆಪ್ಪ, ದಪ್ಪ ಮೀಸೆಯ ಮುದುಕ. ಅವನ ಅರ್ಜಿಯನ್ನು ಆ ಕಿಂಡಿ ಎಷ್ಟೋ ಸಲ ವಾಪಸು ಕಳಿಸಿತ್ತು. ನಾನು ಕೈಚಾಚಿದೆ. ಹೊಸ ನೌಕರಿ, ಹೆಡ್ ಕ್ಲಾರ್ಕ್ ನನ್ನ ಮೇಲೆ ಒಂದು ಸಾಲು ಬರೆದರೆ ಮರಳಿ ಪಾಮನಕಲ್ಲೂರಿನ ಹೊಲವೇ ಗತಿ. ಆದರೂ ಅರ್ಜಿ ಬಿಚ್ಚಿ ಓದತೊಡಗಿದೆ.

ಹೊರಗೆ ಜೀಪು ನಿಂತ ಸದ್ದಾಯಿತು. ವೆಂಕೋಬರಾಯರು ತಾಟು ಹಿಡಿದುಕೊಂಡೇ ನನ್ನ ಹಿಂದೆ ಓಡಿಬಂದು, ಏಳವ್ವಾ, ಸಾಹೇಬರು ಬಂದರು, ನನ್ನ ಮಾನ ತೆಗೆಯಬೇಡ ಎಂದು ಪಿಸುಗುಟ್ಟಿದರು. ನಾನು ಅರ್ಜಿಯಿಂದ ತಲೆ ಎತ್ತಲಿಲ್ಲ. ಕಿಂಡಿಯ ಆಚೆಯಿಂದ ಗದ್ದೆಪ್ಪ ಬಗ್ಗಿ ನೋಡಿದ.

"ಯಪ್ಪಾ, ಒಂದೀಟು ತಡೀರಿ. ಮೇಡಂ ಅವ್ರು ನನ್ನ ಕಾಗದ ನೋಡಾಕತ್ಯಾರ. ನೀವು ಆ ತಾಟು ತೊಗೊಂಡು ಲಗೂನ ಹೋಗ್ರಿ, ಸಾಹೇಬ್ರು ಬಾಗಲಾಗ ನಿಂತಾರ."

ವೆಂಕೋಬರಾಯರು ಹೋಗಬೇಕಾಯಿತು. ಹೋಗುವಷ್ಟರಲ್ಲಿ ಸಾಹೇಬರು ತಾವೇ ಒಳಗೆ ಬಂದಿದ್ದರು. ತಾಟನ್ನು ನೋಡಿ, ಇದೆಲ್ಲ ಯಾಕೆ ಎಂದು ಕೈ ಅಲ್ಲಾಡಿಸಿದರು. ಕಿಂಡಿಯ ಮುಂದೆ ಗದ್ದಲವಿಲ್ಲದೆ ನಿಂತಿದ್ದ ಸಾಲನ್ನು ನೋಡಿದರು. ಇಲ್ಲಿ ಕೂರುವವರು ಯಾರು ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ವೆಂಕೋಬರಾಯರ ಬಾಯಿಯನ್ನೇ ನೋಡತೊಡಗಿದರು. ಅವರು ತಾಟನ್ನು ಎಲ್ಲಿಡಬೇಕೆಂದು ತಿಳಿಯದೆ ಆ ಕೈಯಿಂದ ಈ ಕೈಗೆ ಬದಲಿಸಿದರು.

"ಗ್ಯಾನಮ್ಮನವರ್ರೀ, ಸರ್."

ನಾನು ಗದ್ದೆಪ್ಪನ ಅರ್ಜಿಗೆ ಸಿಕ್ಕಾ ಹೊಡೆದು, ಮುಂದಿನವರು ಬರ್ರಿ ಎಂದೆ.