ಹೆಸರಿನ ಫಲಕ

"ಮೇಡಂ, ನೀವು ಸ್ವಲ್ಪ ಹೊರಗಿದ್ರೆ ಒಳ್ಳೇದು," ಎನ್ನುವಾಗ ನಿಯೋಗದ ಕಾರ್ಯದರ್ಶಿ ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಅವಳ ಹೆಸರಿನ ಫಲಕ ಆಗಲೇ ಅವನ ಫೈಲಿನಡಿ ಸೇರಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಡಿಯಾಚೆಯ ದೇಶದಲ್ಲಿ ಹುಟ್ಟಿ, ಓದಲು ಇಲ್ಲಿಗೆ ಬಂದು, ಇಲ್ಲಿಯವಳೇ ಆಗಿ, ಅರ್ಧ ಆಯುಷ್ಯ ರಾಜ್ಯಶಾಸ್ತ್ರ ಪಾಠ ಹೇಳಿದವಳು. ಈ ಕಾರ್ಯದರ್ಶಿಯೂ ಅವಳ ಮುಂದೆ ಬೆಂಚಿನಲ್ಲಿ ಕೂತು ಕಲಿತವನೇ. ಹುಟ್ಟಿದ ನಾಡಿನ ಒಳಹೊರಗು ಬಲ್ಲವಳೆಂದು ಸರ್ಕಾರವೇ ದುಂಬಾಲು ಬಿದ್ದು ಅವಳನ್ನು ರಾಜತಾಂತ್ರಿಕ ಹುದ್ದೆಗೆ ಕರೆತಂದಿತ್ತು. ಗಡಿಯ ಎರಡೂ ಕಡೆ ಹಂಚಿಹೋದ ಸಂಸಾರಗಳು ಹೋಗಿಬರಲು ದಾರಿ ತೆರೆಯುವ ಒಪ್ಪಂದದ ಕರಡು ಪೂರ್ತಿ ಅವಳದೇ. ಈಗ ಆ ದೇಶದವರೊಡನೆ ಮಾತುಕತೆಗೆ ಕೂರುವಾಗ ಮಾತ್ರ ಅವಳು ಬೇಡ.

ಯಾಕೆ ಎಂದು ಕೇಳಿದಳು. ನಿಯೋಗದ ಮುಖ್ಯಸ್ಥರು ಕೆಮ್ಮಿದರು.

"ನಿಮ್ಮ ಅಕ್ಕ ಇನ್ನೂ ಗಡಿಯಾಚೆ ಇದ್ದಾರಲ್ಲಮ್ಮ. ನಾಳೆ ಯಾರಾದ್ರೂ ಬೆರಳು ತೋರಿಸ್ತಾರೆ. ಫೋಟೋ ಹೊತ್ತಿಗೆ ಕರೀತೀವಿ."

ಅಕ್ಕನ ವಿಷಯ ಕೆಲಸಕ್ಕೆ ಸೇರಿದಾಗಲೇ ಹೇಳಿದವಳು ಅವಳೇ. ಬಾಯಿಬಿಟ್ಟಿದ್ದೇ ತಪ್ಪಾಯಿತು. ಕರಡು ಬರೆಸುವಾಗ ಆ ಅಕ್ಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಾನು ಎದ್ದುಹೋದರೆ ಈ ಪುಕ್ಕಲರು ಆ ದಾರಿಯನ್ನು ಮೊದಲ ಗದರಿಕೆಗೇ ಬಿಟ್ಟುಕೊಡುತ್ತಾರೆ.

"ಫೋಟೋಗೆ ಅಂದ ಬೇಕಿದ್ರೆ ಆ ಹೂದಾನಿ ಇಟ್ಕೊಳ್ಳಿ, ಸಾರ್. ನಾನು ಏಳಲ್ಲ."

ಮುಖ್ಯಸ್ಥರು ಗದರಿಸಿದರು, ಆಮೇಲೆ ಗೋಗರೆದರು. ಜಪ್ಪಯ್ಯ ಎಂದರೂ ಅವಳು ಅಲುಗಲಿಲ್ಲ. ಎದುರು ಪಕ್ಷದವರು ಒಳಗೆ ಕಾಲಿಟ್ಟ ಮೇಲೆ ತಮ್ಮವರೊಳಗಿನ ಜಗಳವನ್ನು ಯಾವ ನಿಯೋಗವೂ ತೋರಿಸಿಕೊಳ್ಳುವುದಿಲ್ಲ; ತರಗತಿಯಲ್ಲಿ ಇದನ್ನು ಅವಳೇ ಕಲಿಸಿದ್ದಳು. ಬಾಗಿಲು ತೆರೆಯುವ ತನಕ ಕೂತಿದ್ದರೆ ಸಾಕು. ಕಾರಿಡಾರಿನಲ್ಲಿ ಬೂಟುಗಳ ಸದ್ದು ಹತ್ತಿರವಾಯಿತು.

ಬಾಗಿಲು ತೆರೆಯಿತು. ಮುಖ್ಯಸ್ಥರ ಮುಖಕ್ಕೆ ಎಲ್ಲಿಂದಲೋ ನಗು ಬಂತು. ಕೈಕುಲುಕುತ್ತ, ನಮ್ಮ ನಿಯೋಗದ ಹಿರಿಯರು ಎಂದು ಅವಳನ್ನೇ ಮೊದಲು ಪರಿಚಯಿಸಿದರು. ಬಂದವರಲ್ಲಿ ಒಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, ಹುಟ್ಟಿದ ನೆಲಕ್ಕೆ ಬೆನ್ನು ಹಾಕಿದವಳು ಎಂದು ತನ್ನ ಭಾಷೆಯಲ್ಲಿ ಗೊಣಗಿದ. ಅದು ಅವಳ ತಾಯ್ನುಡಿಯೂ ಹೌದು.

ಎಲ್ಲರೂ ಕೂತ ಮೇಲೆ ಕಾರ್ಯದರ್ಶಿ ಫೈಲಿನಡಿಯಿಂದ ಫಲಕ ತೆಗೆದು ಅವಳ ಮುಂದಿಟ್ಟ. ಗಡಿಬಿಡಿಯಲ್ಲಿ ಹೆಸರು ಅವಳ ಕಡೆಗೇ ತಿರುಗಿತ್ತು. ಅವಳು ಅದನ್ನು ಎದುರಿನವರತ್ತ ತಿರುಗಿಸಿದಳು.