ಗದ್ದ ಹಿಡಿಯುವ ಓಂಕಾರಪ್ಪ

ಸ್ಟುಡಿಯೋ ಓಂಕಾರಪ್ಪನ ಎರಡು ಬೆರಳು ತಾಗದ ಗದ್ದ ನಮ್ಮ ಹೊಸದುರ್ಗದಲ್ಲಿ ಸಿಗುವುದು ಕಷ್ಟ. ಎದುರಿಗೆ ಯಾರೇ ಕುಳಿತರೂ, ಎದ್ದು ಹೋಗಿ ಅವರ ಗದ್ದವನ್ನು ಒಂಚೂರು ಎತ್ತಿ, ಒಂಚೂರು ತಿರುಗಿಸಿದ ಮೇಲೇ ಅವನು ಫೋಟೊ ತೆಗೆಯುವುದು. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಪಕ್ಕದವರ ಗದ್ದಕ್ಕೆ ಕೈ ಹಾಕಿ ಹೆಂಡತಿ ಹಾಲಮ್ಮನಿಂದ ಬೈಸಿಕೊಂಡಿದ್ದಾನೆ.

ಇಂಥವನ ಒಂದೇ ಒಂದು ಫೋಟೊ ಕೂಡ ಅವನ ಮನೆಯಲ್ಲಿ ಇರಲಿಲ್ಲ. ಈ ಯುಗಾದಿಗೆ ಹಾಲಮ್ಮ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮೊಬೈಲ್ ಹಿಡಿದಳು.

“ಮೊಬೈಲು ಸೊಟ್ಟಗೈತೆ ಕಣೇ,” ಎಂದು ಅವನು ಕೈ ಚಾಚಿದ.

“ಸುಮ್ನೆ ಕುಂತ್ಕಳ್ರಿ!”

“ಬೆಳಕು ಹಿಂದಿಂದ ಬರ್ತೈತೆ, ಈ ಕಡೆ ಬಾ.” ಮತ್ತೆ ಕೈ ಬಂತು.

ತೆಗೆದ ಫೋಟೊಗಳಲ್ಲೆಲ್ಲ ಮುಖಕ್ಕೆ ಅಡ್ಡವಾಗಿ ಅವನ ಬೆರಳುಗಳೇ. ಹಾಲಮ್ಮ ಅವುಗಳಲ್ಲೇ ಒಂದಕ್ಕೆ ಕಟ್ಟು ಹಾಕಿಸಿ ಸ್ಟುಡಿಯೋ ಗೋಡೆಗೆ ತೂಗುಹಾಕಿದಳು.

“ಮುಖಾನೇ ಕಾಣಲ್ಲ. ಯಾರು ಅಂತ ಯಾರಿಗೆ ಗೊತ್ತಾಗ್ತೈತೆ?” ಎಂದು ಓಂಕಾರಪ್ಪ ಸಿಡಿಮಿಡಿಗೊಂಡ.

ಅದು ಯಾರೆಂದು ಯಾರೂ ಕೇಳಲಿಲ್ಲ. ಆ ಫೋಟೊದ ಎದುರು ನಿಂತವರು ಈಗಲೂ ತಮಗೇ ತಿಳಿಯದಂತೆ ಗದ್ದ ಎತ್ತುತ್ತಾರೆ.